ಅಣ್ಣನಿಗೆ ಆ್ಯಪ್, ತಂಗಿಗೆ ತಾಯತ

ಪ್ರಶ್ನೆ: ನನಗೆ 26 ವರ್ಷ, ಬೆಂಗಳೂರಿನಲ್ಲಿ ಕೆಲಸ. ಊರು ಯಾದಗಿರಿ ಜಿಲ್ಲೆಯ ಸುರಪುರದ ಹತ್ತಿರ ಒಂದು ಹಳ್ಳಿ. ಕಳೆದ ವರ್ಷ ನನಗೆ ನಿದ್ದೆ ಇಲ್ಲ, ಯಾವಾಗ ನೋಡಿದರೂ ಗಾಬರಿ. ಕಂಪನಿಯವರು ಕೊಟ್ಟ ಆ್ಯಪ್‌ನಲ್ಲಿ ಬುಕ್ ಮಾಡಿದೆ. ಮರುದಿನವೇ ಕೌನ್ಸೆಲರ್ ಫೋನಿಗೆ ಸಿಕ್ಕರು. ಆರು ಸಲ ಮಾತಾಡಿದೆ, ಈಗ ಆರಾಮಾಗಿದ್ದೇನೆ. ಊರಲ್ಲಿ ತಂಗಿಗೆ 17 ವರ್ಷ, ಸೆಕೆಂಡ್ ಪಿಯುಸಿ. ದೀಪಾವಳಿಯಿಂದ ಈಚೆಗೆ ಅವಳು ಮೊದಲಿನ ಹಾಗಿಲ್ಲ. ಊಟ ಕಮ್ಮಿ, ರಾತ್ರಿ ಎದ್ದು ಕೂರುತ್ತಾಳೆ, ಗೆಳತಿಯರ ಜೊತೆ ಮಾತಿಲ್ಲ. ‘ನಂಗ ಭಾಳ ಬ್ಯಾಸರ ಆಗ್ಲಕತ್ತದ’ ಅನ್ನುತ್ತಾಳೆ. ‘ನಾ ಇದ್ದರೇನು, ಬಿಟ್ಟರೇನು’ ಅಂತ ಒಂದು ಸಲ ಅವ್ವನ ಮುಂದೆ ಅಂದಳಂತೆ. ಅವ್ವ ಒಬ್ಬ ಅಜ್ಜನ ಹತ್ತಿರ ಕರೆದೊಯ್ದು ತಾಯತ ಕಟ್ಟಿಸಿದ್ದಾಳೆ. ಅವಳನ್ನು ಬೆಂಗಳೂರಿಗೆ ಕರೆತಂದು ನಿಮ್ಹಾನ್ಸ್‌ನಲ್ಲಿ ತೋರಿಸಲಾ? ಒಂದೇ ಮನೆಯ ಇಬ್ಬರಿಗೆ ಇಷ್ಟೊಂದು ವ್ಯತ್ಯಾಸ ಯಾಕೆ ಸರ್?

ಉತ್ತರ:

‘ನಾ ಇದ್ದರೇನು, ಬಿಟ್ಟರೇನು.’ ನೀವು ಈ ಸಾಲು ಬರೆದು ಮುಂದಕ್ಕೆ ಹೋಗಿದ್ದೀರಿ. ನಾನು ಅಲ್ಲೇ ನಿಂತೆ. ಹಾಗಾಗಿ ವ್ಯತ್ಯಾಸ ಯಾಕೆ ಅನ್ನೋದು ಆಮೇಲೆ. ಮೊದಲು ಇವತ್ತು ಮಾಡಬೇಕಾದ ಕೆಲಸ.

ಇವತ್ತು ರಾತ್ರಿ ತಂಗಿಗೆ ಫೋನ್ ಮಾಡಿ. ಓದು, ಮಾರ್ಕ್ಸ್ ಯಾವುದರ ಸುದ್ದಿಯೂ ಬೇಡ. ಅವಳು ಒಬ್ಬಳೇ ಇರುವಾಗ ನೇರವಾಗಿ ಕೇಳಿ: ಸಾಯಬೇಕು ಅಂತ ಅನ್ನಿಸುತ್ತದಾ? ಹೀಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ತುಂಬಿದಂತೆ ಅಂತ ಜನ ಹೆದರುತ್ತಾರೆ. ಹಾಗಾಗುವುದಿಲ್ಲ. ಎಷ್ಟೋ ಮಕ್ಕಳು ‘ಅಂತೂ ಒಬ್ಬರು ಕೇಳಿದರು’ ಅಂತ ಅತ್ತು ಹಗುರಾಗುತ್ತಾರೆ. ಹೌದು ಅಂದರೆ ಬೈಯಬೇಡಿ, ಆಣೆ ಹಾಕಿಸಿಕೊಳ್ಳಬೇಡಿ. ಅವಳನ್ನು ಒಬ್ಬಳೇ ಬಿಡಬೇಡ ಅಂತ ಅವ್ವನಿಗೆ ಹೇಳಿ, ಅವತ್ತೇ ಹತ್ತಿರದ ಸರ್ಕಾರಿ ದವಾಖಾನೆಗೆ ಕಳಿಸಿ. ರಾತ್ರಿಯಾದರೆ ರಾತ್ರಿಯೇ. ಹಾಗೇ 14416ಕ್ಕೆ ಫೋನ್ ಮಾಡಿ. ಇದು ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಇನ್ನೊಂದು. ನಿಮ್ಮದು ಹತ್ತಿ, ತೊಗರಿ, ಭತ್ತ ಬೆಳೆಯುವ ಸೀಮೆ. ಹೊಲಕ್ಕೆ ಹೊಡೆಯುವ ಎಣ್ಣೆ, ಅಂದರೆ ಕೀಟನಾಶಕ, ಮನೆಯಲ್ಲೇ ಇಟ್ಟಿರುತ್ತೀರಿ. ಅದನ್ನು ಇವತ್ತೇ ಮನೆಯಿಂದ ಆಚೆ ಸಾಗಿಸಲು ಅಪ್ಪನಿಗೆ ಹೇಳಿ. ಬೇರೆ ಕಡೆ ಬೀಗ ಹಾಕಿಡಲಿ, ಕೀಲಿ ಅವರ ಹತ್ತಿರವೇ ಇರಲಿ. ತಂಗಿಗೆ ಅಂಥ ಯೋಚನೆ ಇಲ್ಲದಿದ್ದರೂ ಇದನ್ನು ಮಾಡಿ. ಆ ಹೊತ್ತಿನ ಸಿಟ್ಟು, ಸಂಕಟ ಬಹಳ ಸಲ ಕೆಲವು ನಿಮಿಷದ್ದು. ಕೈಗೆ ಸಿಗದಿದ್ದರೆ ಆ ನಿಮಿಷ ದಾಟುತ್ತದೆ. ನಮ್ಮ ರಾಜ್ಯದ ಹಳ್ಳಿಗಳಲ್ಲಿ ಎಷ್ಟು ಮಕ್ಕಳು ಉಳಿಯುತ್ತಾರೆ ಅನ್ನೋದು ಡಾಕ್ಟರಿಗಿಂತ ಈ ಬೀಗದ ಮೇಲೇ ಜಾಸ್ತಿ ನಿಂತಿದೆ ಅಂತ ನನಗೆ ಎಷ್ಟೋ ಸಲ ಅನ್ನಿಸಿದೆ.

ಈಗ ಬೆಂಗಳೂರಿನ ಮಾತು. ಸದ್ಯಕ್ಕೆ ಬೇಡ ಅಂತ ನನ್ನ ಅಭಿಪ್ರಾಯ. ನಿಮ್ಹಾನ್ಸ್ ಬಗ್ಗೆ ನನಗೆ ತಕರಾರಿಲ್ಲ, ಮಕ್ಕಳ ಮತ್ತು ಹದಿಹರೆಯದವರ ಮನೋವೈದ್ಯಕ್ಕೆ ಅದಕ್ಕಿಂತ ದೊಡ್ಡ ಜಾಗ ನಮ್ಮಲ್ಲಿಲ್ಲ. ಆದರೆ ಒಂದು ಲೆಕ್ಕ ಹಾಕಿ ನೋಡಿ. ಹೃದಯಕ್ಕೆ ಸ್ಟೆಂಟ್ ಹಾಕಿಸಬೇಕಾ, ಸಾಲ ಮಾಡಿಯಾದರೂ ಒಂದು ಸಲ ಬೆಂಗಳೂರಿಗೆ ಬಂದು ಹೋದರೆ ದೊಡ್ಡ ಕೆಲಸ ಮುಗಿಯುತ್ತದೆ. ಮನಸ್ಸಿನ ಚಿಕಿತ್ಸೆ ಹಾಗಲ್ಲ. ಮೊದಲು ಎರಡು ವಾರಕ್ಕೊಮ್ಮೆ, ಆಮೇಲೆ ತಿಂಗಳಿಗೊಮ್ಮೆ, ಹೀಗೆ ಆರು ತಿಂಗಳು, ಒಂಬತ್ತು ತಿಂಗಳು, ಕೆಲವರಿಗೆ ಅದಕ್ಕೂ ಜಾಸ್ತಿ. ಮಾತ್ರೆ ಶುರು ಮಾಡಿದರೂ ಗುಣ ಕಾಣಲು ಎರಡರಿಂದ ನಾಲ್ಕು ವಾರ ಬೇಕು. ಚಿಕ್ಕ ವಯಸ್ಸಿನವರನ್ನು ಆ ಮೊದಲ ವಾರಗಳಲ್ಲೇ ಹತ್ತಿರದಿಂದ ನೋಡುತ್ತಿರಬೇಕು. ಅದನ್ನು 500 ಕಿಲೋಮೀಟರ್ ಆಚೆಯಿಂದ ಮಾಡೋದು ಹೇಗೆ?

ಇದನ್ನು ನಾನು ಕಲಿತದ್ದು ನನ್ನ ತಪ್ಪಿನಿಂದ. ಹಲವು ವರ್ಷದ ಹಿಂದಿನ ಮಾತು. ರಾಯಚೂರು ಕಡೆಯ ಒಬ್ಬ ರೈತರು 19 ವರ್ಷದ ಮಗನನ್ನು ಕರೆದುಕೊಂಡು ನಾನಿದ್ದ ಆಸ್ಪತ್ರೆಗೆ ಬಂದಿದ್ದರು. ರಾತ್ರಿಯೆಲ್ಲ ಪ್ರಯಾಣ. ಬೆಳಿಗ್ಗೆ ಚೀಟಿ ಮಾಡಿಸಿ ಮಧ್ಯಾಹ್ನದವರೆಗೆ ಕಾದಿದ್ದಾರೆ. ಬಟ್ಟೆಯಲ್ಲಿ ಕಟ್ಟಿ ತಂದ ರೊಟ್ಟಿ ಬುತ್ತಿ ಬೆಂಚಿನ ಕೆಳಗಿತ್ತು. ಹುಡುಗನಿಗೆ ಯಾರೋ ತನ್ನ ಬಗ್ಗೆಯೇ ಮಾತಾಡುತ್ತಾರೆ ಅನ್ನುವ ಸಂಶಯ ಶುರುವಾಗಿತ್ತು. ಬೇಗ ಬಂದಿದ್ದರು, ಗುಣವಾಗುವ ಹಂತ. ನಾನು ಮಾತ್ರೆ ಬರೆದೆ. ಚೀಟಿಯ ಕೆಳಗೆ ‘15 ದಿನ ಬಿಟ್ಟು ಬನ್ನಿ’ ಅಂತ ಬರೆದು ಮುಂದಿನವರನ್ನು ಕರೆದೆ. ಆ ಅಪ್ಪ ಬಾಗಿಲ ಹತ್ತಿರ ಹೋದವರು ತಿರುಗಿ ಬಂದು ಕೇಳಿದರು: ‘ಸಾಹೇಬ್ರ, ಹದಿನೈದು ದಿನ ಅಂದ್ರ ಹತ್ತಿ ಬಿಡಸೂ ಟೈಮ್ ಆತು. ಹ್ಯಾಂಗ ಬರ್ಲಿ?’ ನಾನು ‘ಬರಲೇಬೇಕು’ ಅಂದೆ. ಅಷ್ಟೇ.

ಅವರು ಬರಲಿಲ್ಲ. ಬಂದದ್ದು ಎಂಟು ತಿಂಗಳ ಮೇಲೆ, ಹುಡುಗನ ಕೈಗೆ ಹಗ್ಗದ ಗುರುತಿತ್ತು. ಮೊದಲ ಸಲ ಅವರ ಕೈಯಲ್ಲಿ ರಾಯಚೂರಿನ ಸರ್ಕಾರಿ ಮೆಡಿಕಲ್ ಕಾಲೇಜಿನ ಮನೋವೈದ್ಯರಿಗೆ ಒಂದು ಪತ್ರ ಬರೆದು ಕೊಟ್ಟಿದ್ದರೆ ಸಾಕಿತ್ತು. ಒಂದು ಹಾಳೆ, ಐದು ನಿಮಿಷ. ಅವರ ಊರಿನಿಂದ ಅಲ್ಲಿಗೆ ಬೆಳಿಗ್ಗೆ ಹೋಗಿ ಸಂಜೆ ಬರಬಹುದಿತ್ತು.

ನೀವು ಕೇಳಿದ ವ್ಯತ್ಯಾಸದ ಬೇರು ಇಲ್ಲಿದೆ ಅಂತ ನನಗನ್ನಿಸುತ್ತದೆ. ಜನ ಡಾಕ್ಟರುಗಳ ಸಂಖ್ಯೆ ಹೇಳುತ್ತಾರೆ. ಅದೂ ನಿಜ. ದೇಶದಲ್ಲಿ ಒಂದು ಲಕ್ಷ ಜನರಿಗೆ 0.75 ಮನೋವೈದ್ಯರು ಅನ್ನುವ ಲೆಕ್ಕ ಎಲ್ಲೆಡೆ ಓಡಾಡುತ್ತದೆ. ಅಂದರೆ ಲಕ್ಷಕ್ಕೆ ಮುಕ್ಕಾಲು ಡಾಕ್ಟರು! ಆ ಮುಕ್ಕಾಲನ್ನೇ ಸಮನಾಗಿ ಹಂಚಿದ್ದರೂ 2011ರ ಜನಗಣತಿಯಲ್ಲೇ 11 ಲಕ್ಷ ದಾಟಿದ್ದ ಯಾದಗಿರಿ ಜಿಲ್ಲೆಗೆ ಎಂಟು ಮಂದಿ ಬರಬೇಕಿತ್ತು. ಹಾಗೆ ಹಂಚಿಕೆ ಆಗಿಲ್ಲ. ಬೆಂಗಳೂರು, ಮಂಗಳೂರು, ಮೈಸೂರು, ಹುಬ್ಬಳ್ಳಿ–ಧಾರವಾಡದ ಸುತ್ತ ಸೇರಿಕೊಂಡಿದ್ದಾರೆ. ಆದರೆ ಸಂಖ್ಯೆಗಿಂತ ದೊಡ್ಡದು ಈ ಮತ್ತೆ ಮತ್ತೆ ಹೋಗುವ ಕೆಲಸ. ನಿಮಗೆ ಆರು ಸಲ ಮಾತಾಡಲು ಸಿಕ್ಕಿತು ಅಂದಿರಲ್ಲ, ಗುಣ ಕೊಟ್ಟದ್ದು ಆ ಆರನೇ ಸಲ. ತಂಗಿಗೆ ಒಂದನೇ ಸಲವೂ ಕಷ್ಟ, ಆರನೇದಂತೂ ದೂರದ ಮಾತು.

ಒಂದು ಸಣ್ಣ ತಿದ್ದುಪಡಿ. ನಗರದ ಮಕ್ಕಳಿಗೆ ಕಷ್ಟ ಕಮ್ಮಿ, ಹಳ್ಳಿಯವರಿಗೆ ಜಾಸ್ತಿ ಅಂತ ತಿಳಿಯಬೇಡಿ. 2015–16ರಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ 13ರಿಂದ 17 ವರ್ಷದವರಲ್ಲಿ ಶೇ 7.3ರಷ್ಟು ಮಂದಿಗೆ ಮಾನಸಿಕ ತೊಂದರೆ ಕಂಡಿತ್ತು. ಮಹಾನಗರಗಳಲ್ಲಿ ಅದು ಶೇ 13.5, ಹಳ್ಳಿಗಳಲ್ಲಿ ಶೇ 6.9. ಕಾಯಿಲೆ ನಗರದಲ್ಲೇ ಜಾಸ್ತಿ, ಡಾಕ್ಟರೂ ಅಲ್ಲೇ ಜಾಸ್ತಿ. ಹಾಗಂತ ಹಳ್ಳಿಯ ಆ 6.9ರಲ್ಲಿ ಇರುವ ಹುಡುಗಿಗೆ ಏನು ಸಮಾಧಾನ? ಇನ್ನೊಂದು ತಮಾಷೆ ಕೇಳಿ. ಆ ಸಮೀಕ್ಷೆಯ ಮುಂದಾಳತ್ವ ಬೆಂಗಳೂರಿನ ನಿಮ್ಹಾನ್ಸ್‌ನದು. ಆರಿಸಿಕೊಂಡ 12 ರಾಜ್ಯಗಳಲ್ಲಿ ಕರ್ನಾಟಕ ಇರಲಿಲ್ಲ. ಹಾಗಾಗಿ ನಮ್ಮ ಜಿಲ್ಲೆ ಜಿಲ್ಲೆಯ ಲೆಕ್ಕ ಹೇಳಿ ಅಂದರೆ ಆ ವರದಿಯಿಂದ ತೆಗೆದು ಕೊಡಲು ನಮ್ಮ ಹತ್ತಿರ ಏನೂ ಇಲ್ಲ.

ದೀಪದ ಕೆಳಗಿನ ಕತ್ತಲೆಗೆ ಇನ್ನೊಂದು ಉದಾಹರಣೆ ಬಳ್ಳಾರಿ. ಇವತ್ತು ದೇಶದಲ್ಲೆಲ್ಲ ಇರುವ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಹುಟ್ಟಿದ್ದು ಅಲ್ಲಿಂದ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೆ, ನರ್ಸಿಗೆ, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟರು. ದೊಡ್ಡ ಆಸ್ಪತ್ರೆ ಇಲ್ಲದೆಯೂ ಮಾನಸಿಕ ಕಾಯಿಲೆಯನ್ನು ತಾಲ್ಲೂಕಿನಲ್ಲೇ ನೋಡಿಕೊಳ್ಳಬಹುದು ಅಂತ ತೋರಿಸಿದರು. ‘ಬಳ್ಳಾರಿ ಮಾದರಿ’ ಅಂತಲೇ ಹೆಸರಾಯಿತು. 1996ರಲ್ಲಿ ಕೇಂದ್ರ ಸರ್ಕಾರ ಅದನ್ನೇ ದೇಶದ ಕಾರ್ಯಕ್ರಮ ಮಾಡಿತು. ನಿಮ್ಮ ಪಕ್ಕದ ಸೀಮೆಯಲ್ಲಿ ಹುಟ್ಟಿದ ಮಾದರಿ ನಿಮ್ಮ ತಂಗಿಯ ಹಳ್ಳಿಗೆ ಇನ್ನೂ ಪೂರ್ತಿ ತಲುಪಿಲ್ಲ.

ತಲುಪದಿರಲು ಕಾರಣ ಮನೋವೈದ್ಯದ ಒಳಗೆ ಮಾತ್ರ ಇಲ್ಲ. 2002ರಲ್ಲಿ ಡಿ.ಎಂ. ನಂಜುಂಡಪ್ಪ ಸಮಿತಿ ರಾಜ್ಯದ ಹಿಂದುಳಿದ ತಾಲ್ಲೂಕುಗಳ ಪಟ್ಟಿ ಮಾಡಿತ್ತಲ್ಲ, ಅತ್ಯಂತ ಹಿಂದುಳಿದ 39ರಲ್ಲಿ 21 ಕಲಬುರಗಿ ವಿಭಾಗದವೇ. ಸರಿಯಾದ ಬಸ್ಸಿಲ್ಲ, ಕಾಲೇಜು ಕಮ್ಮಿ, ಬಾಡಿಗೆಗೆ ಒಳ್ಳೆ ಮನೆಯೂ ಸಿಗದ ಊರಿಗೆ ಹೊಸದಾಗಿ ಎಂ.ಡಿ. ಮುಗಿಸಿದ ಮನೋವೈದ್ಯೆ ಬಂದು ಎಷ್ಟು ದಿನ ನಿಲ್ಲುತ್ತಾಳೆ? ಹುದ್ದೆ ಇರುತ್ತದೆ, ಮಂಜೂರಾಗಿರುತ್ತದೆ, ಕುರ್ಚಿ ಖಾಲಿ. ಜಿಲ್ಲಾ ತಂಡ ಅಂದರೆ ಒಬ್ಬ ಮನೋವೈದ್ಯರು, ಮನಃಶಾಸ್ತ್ರಜ್ಞರು, ಸಮಾಜ ಕಾರ್ಯಕರ್ತರು, ನರ್ಸ್. ಇಡೀ ಜಿಲ್ಲೆಗೆ ಇಷ್ಟೇ. ಅದರಲ್ಲಿ ಒಬ್ಬರು ಬಿಟ್ಟು ಹೋದರೂ ತಿಂಗಳುಗಟ್ಟಲೆ ಕೆಲಸ ನಿಲ್ಲುತ್ತದೆ.

ಕರಾವಳಿಯ ಕಡೆ ಚಿತ್ರ ಬೇರೆ. ದಕ್ಷಿಣ ಕನ್ನಡ ಒಂದೇ ಜಿಲ್ಲೆಯಲ್ಲಿ ಏಳೆಂಟು ಮೆಡಿಕಲ್ ಕಾಲೇಜುಗಳಿವೆ. ಎಲ್ಲದರಲ್ಲೂ ಮನೋವೈದ್ಯ ವಿಭಾಗ ಇದೆ. ಗಡಿ ದಾಟಿದ ಕಾಸರಗೋಡಿನ ಕನ್ನಡಿಗರೂ ಮಂಗಳೂರಿಗೇ ಬರುತ್ತಾರೆ. ಆದರೆ ಆ ಕಾಲೇಜುಗಳಲ್ಲಿ ಒಂದೂ ಸರ್ಕಾರದ್ದಲ್ಲ. ಅದೇ ಕರಾವಳಿಯಲ್ಲಿ ಇನ್ನೂ ಉತ್ತರಕ್ಕೆ, ಉತ್ತರ ಕನ್ನಡದ ಘಟ್ಟದ ಮೇಲಿನವರಿಗೆ ಕಾರವಾರ ಒಂದು ದಿಕ್ಕು, ಹುಬ್ಬಳ್ಳಿ ಇನ್ನೊಂದು ದಿಕ್ಕು. ಮಳೆಗಾಲದಲ್ಲಿ ಎರಡೂ ದೂರವೇ.

ನಿಮ್ಮ ಕಡೆಯ ಜನಕ್ಕೆ ಇನ್ನೊಂದು ದಾರಿ ಇದೆ, ಹೊರರಾಜ್ಯದ್ದು. ಬೀದರಿನವರು, ರಾಯಚೂರಿನವರು ಹೈದರಾಬಾದಿಗೆ ಹೋಗುತ್ತಾರೆ. ವಿಜಯಪುರ ಕಡೆಯವರು ಸೊಲ್ಲಾಪುರಕ್ಕೆ. ಎಲುಬು ಮುರಿದರೆ ತೊಂದರೆ ಇಲ್ಲ, ಎಕ್ಸ್‌ರೇಗೆ ಭಾಷೆ ಬೇಕಾಗಿಲ್ಲ. ಮನಸ್ಸಿನ ಕಾಯಿಲೆಗೆ ಮಾತೇ ಎಕ್ಸ್‌ರೇ. ಪಿಯುಸಿ ಹುಡುಗಿ ತನ್ನ ಒಳಗಿನದನ್ನು ಗೊತ್ತಿಲ್ಲದ ಊರಲ್ಲಿ ಅರೆಬರೆ ಹಿಂದಿಯಲ್ಲಿ ಹೇಳೋದು ಹೇಗೆ?

ಕನ್ನಡದ ಒಳಗೇ ಈ ತೊಡಕಿದೆ. ನಿಮ್ಮ ತಂಗಿ ಅಂದ ಮಾತು ನೋಡಿ, ‘ಬ್ಯಾಸರ’. ಇದೇ ಶಬ್ದ ಹೇಳಿದ ಒಬ್ಬ ಹುಡುಗಿಯ ಕೇಸ್ ಶೀಟಿನಲ್ಲಿ ನಮ್ಮ ಕಿರಿಯ ಡಾಕ್ಟರ್ ಒಬ್ಬರು ‘ಓದಲು ಬೋರ್ ಅನ್ನುತ್ತಾಳೆ’ ಅಂತ ಬರೆದಿದ್ದರು. ಅವರು ಬೆಂಗಳೂರಿನಲ್ಲಿ ಹುಟ್ಟಿ ಬೆಳೆದವರು, ಅವರ ಕಿವಿಗೆ ಅದು ಹಾಗೇ ಕೇಳಿಸಿದೆ. ನಿಮ್ಮ ಸೀಮೆಯಲ್ಲಿ ಆ ಶಬ್ದ ಅಷ್ಟು ಹಗುರದ್ದಲ್ಲ. ಯಾವುದರಲ್ಲೂ ಮನಸ್ಸಿಲ್ಲ, ಬದುಕೇ ಬೇಡವಾಗಿದೆ ಅನ್ನುವವರೆಗೂ ಅದು ಹೋಗುತ್ತದೆ. ‘ಎದಿ ಹಾರ್ತದ’, ‘ತೆಲಿ ಗಿರ್ರ್ ಅಂತದ’, ‘ಹೊಟ್ಟ್ಯಾಗ ಸಂಕಟ’ ಎಲ್ಲ ಹಾಗೇ. ಇವುಗಳನ್ನು ಕೇಳಿ ಇಸಿಜಿ ಮಾಡಿಸಿ, ಗ್ಯಾಸಿನ ಮಾತ್ರೆ ಕೊಟ್ಟು ಕಳಿಸಿದ ಎಷ್ಟೋ ಚೀಟಿಗಳನ್ನು ನಾನು ನೋಡಿದ್ದೇನೆ. ಒಳಗಿನದು ಗಾಬರಿ ಕಾಯಿಲೆ ಆಗಿರುತ್ತದೆ. ಆದ್ದರಿಂದ ತಂಗಿ ಡಾಕ್ಟರ ಹತ್ತಿರ ಹೋಗುವ ಮುಂಚೆ ಅವಳ ಮಾತುಗಳನ್ನು ಅವಳ ಭಾಷೆಯಲ್ಲೇ ಒಂದು ಹಾಳೆಯಲ್ಲಿ ಬರೆದಿಡಲು ಹೇಳಿ. ನಿದ್ದೆ ಎಷ್ಟು ಗಂಟೆ, ಊಟ ಹೇಗಿದೆ, ಮುಟ್ಟು ಸರಿಯಾಗಿ ಆಗುತ್ತಿದೆಯಾ, ಯಾವಾಗ ಶುರುವಾಯಿತು, ಅಷ್ಟು ಸಾಕು.

ಹೆಸರು ಕೆಡುವ ಹೆದರಿಕೆ ಎಲ್ಲಾ ಕಡೆ ಇದೆ. ಅದರ ಆಕಾರ ಮಾತ್ರ ಊರೂರಿಗೆ ಬೇರೆ. ನಿಮ್ಮ ಕಡೆ ಯಾರಾದರೂ ಏನಾದರೂ ಹುಚ್ಚುಚ್ಚಾಗಿ ಆಡಿದರೆ ‘ಧಾರವಾಡಕ್ಕೆ ಕಳಿಸಬೇಕು’ ಅನ್ನುತ್ತಾರೆ, ಅಲ್ವಾ? ಇಲ್ಲಿ ಬೆಂಗಳೂರಿನಲ್ಲಿ ‘ನಿಮ್ಹಾನ್ಸ್‌ಗೆ ಸೇರಿಸಿ’ ಅನ್ನುತ್ತಾರೆ. ಧಾರವಾಡದಲ್ಲಿ ಬ್ರಿಟಿಷರ ಕಾಲದಿಂದ ಇದ್ದ ಮಾನಸಿಕ ಆಸ್ಪತ್ರೆಯೇ ಈಗ ಡಿಮ್ಹಾನ್ಸ್ ಆಗಿರೋದು. ಉತ್ತರ ಕರ್ನಾಟಕಕ್ಕೆ ಅದೇ ದೊಡ್ಡ ಆಸರೆ. ಒಳ್ಳೆ ಆಸ್ಪತ್ರೆಯ ಹೆಸರನ್ನೇ ಬೈಗುಳ ಮಾಡಿಕೊಂಡಿದ್ದೇವೆ. ಹಳ್ಳಿಯಲ್ಲಿ ಇನ್ನೂ ಒಂದು ಸೇರುತ್ತದೆ. ತಾಲ್ಲೂಕು ಆಸ್ಪತ್ರೆಯ ಆ ಕೋಣೆಯ ಮುಂದೆ ಕೂತರೆ ಪಕ್ಕದ ಓಣಿಯವರು ನೋಡುತ್ತಾರೆ. 17ರ ಹುಡುಗಿ. ನಾಳೆ ವರ ನೋಡಲು ಬರುವವರ ಕಿವಿಗೆ ಬಿದ್ದರೆ? ಅವ್ವ ಅಜ್ಜನ ಹತ್ತಿರ ಹೋದದ್ದು ಬರೀ ನಂಬಿಕೆಗೆ ಅಲ್ಲ. ಅಲ್ಲಿಗೆ ಹೋದರೆ ಯಾರೂ ಏನೂ ಅನ್ನೋದಿಲ್ಲ. ದೃಷ್ಟಿ ತೆಗೆಸಲು ಹೋಗಿದ್ದೆವು ಅಂದರೆ ಮುಗಿಯಿತು. ಹಾಗೆ ನೋಡಿದರೆ ಬೆಂಗಳೂರಿನ ದೂರ ಕೆಲವರಿಗೆ ಅನುಕೂಲವೂ ಹೌದು. ಗುರುತಿನವರು ಸಿಗುವುದಿಲ್ಲ ಅಂತಲೇ ರಾತ್ರಿ ರೈಲು ಹತ್ತುವ ಮನೆಯವರಿದ್ದಾರೆ. ನೀವು ನಿಮ್ಹಾನ್ಸ್ ಅಂದದ್ದರಲ್ಲೂ ಇದು ಸ್ವಲ್ಪ ಇದೆಯಾ ಅಂತ ನೋಡಿಕೊಳ್ಳಿ. ತಪ್ಪೇನಿಲ್ಲ. ಗೊತ್ತಿದ್ದರೆ ಒಳ್ಳೆಯದು.

ಆ ತಾಯತವನ್ನು ಬಿಚ್ಚಿಸಬೇಡಿ. ಬಿಚ್ಚಿಸಿದರೆ ಅವ್ವ ನಿಮ್ಮ ವಿರುದ್ಧ ಆಗುತ್ತಾಳೆ. ತಂಗಿಯ ಜೊತೆ ಆಸ್ಪತ್ರೆಗೆ ಬಸ್ಸಿನಲ್ಲಿ ಬರಬೇಕಾದವಳು ಅವಳೇ. ‘ತಾಯತ ಇರಲಿ ಅವ್ವ, ಜೊತೆಗೆ ಡಾಕ್ಟರಿಗೂ ತೋರಿಸೋಣ’ ಅನ್ನಿ.

ಈಗ ದಾರಿ ಹೇಳುತ್ತೇನೆ. ಮೊದಲು ಸುರಪುರದ ಸರ್ಕಾರಿ ಆಸ್ಪತ್ರೆ. ಕರ್ನಾಟಕದಲ್ಲಿ ‘ಮನೋಚೈತನ್ಯ’ ಅಂತ ಒಂದು ಕಾರ್ಯಕ್ರಮ ಇದೆ. ಮಂಗಳವಾರ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬಂದು ನೋಡುವ ವ್ಯವಸ್ಥೆ. ಒಳ್ಳೆಯ ಯೋಜನೆ. ಆದರೆ ಜಿಲ್ಲೆಯಲ್ಲಿ ತಾಲ್ಲೂಕು ಎಷ್ಟು, ಮಂಗಳವಾರ ತಿಂಗಳಿಗೆ ನಾಲ್ಕು. ಲೆಕ್ಕ ನೀವೇ ಹಾಕಿ. ಯಾವ ತಾಲ್ಲೂಕಿಗೆ ಯಾವ ಮಂಗಳವಾರ ಅಂತ ಮೊದಲೇ ಕೇಳಿಕೊಳ್ಳಬೇಕು. ಅಲ್ಲೇ ಮಾಮೂಲು ಡಾಕ್ಟರಿಗೆ ತೋರಿಸಿ ರಕ್ತ ಪರೀಕ್ಷೆ ಮಾಡಿಸಿ, ಹಿಮೋಗ್ಲೋಬಿನ್ ಮತ್ತು ಥೈರಾಯ್ಡ್ ಎರಡೂ. ನಿಮ್ಮ ಭಾಗದ ಹುಡುಗಿಯರಲ್ಲಿ ರಕ್ತ ಕಮ್ಮಿ ಇರುವುದು ಬಹಳ. ಸುಸ್ತು, ಬೇಸರ, ಓದಿನಲ್ಲಿ ಗಮನ ಇಲ್ಲದಿರುವುದು ಅದರಿಂದಲೂ ಬರುತ್ತದೆ. ಮಾನಸಿಕ ಅಂತ ಮೊದಲೇ ಹಣೆಪಟ್ಟಿ ಹಚ್ಚಬಾರದು. ಎರಡೂ ಒಟ್ಟಿಗೆ ಇದ್ದರೂ ಇರಬಹುದು.

10ರಿಂದ 19 ವರ್ಷದವರಿಗೆ ಸರ್ಕಾರಿ ಆಸ್ಪತ್ರೆಗಳಲ್ಲಿ ‘ಸ್ನೇಹ ಕ್ಲಿನಿಕ್’ ಅಂತ ಇರುತ್ತದೆ. ಮುಟ್ಟಿನ ತೊಂದರೆ, ಪೌಷ್ಟಿಕತೆ, ಮನಸ್ಸಿನ ಬೇಗುದಿ ಎಲ್ಲಕ್ಕೂ ಒಂದೇ ಕೋಣೆ. ಅದೇ ಅದರ ದೊಡ್ಡ ಗುಣ. ಆ ಬಾಗಿಲ ಮುಂದೆ ಕೂತರೆ ಯಾವುದಕ್ಕೆ ಬಂದಿದ್ದಾಳೆ ಅಂತ ಯಾರಿಗೂ ತಿಳಿಯುವುದಿಲ್ಲ. ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆ ನಿಮ್ಹಾನ್ಸ್ ಜೊತೆ ನಡೆಸುವ ‘ಯುವ ಸ್ಪಂದನ’ ಕೂಡ ಹಾಗೇ. ಅಲ್ಲಿರುವವರು ಡಾಕ್ಟರಲ್ಲ, ತರಬೇತಿ ಪಡೆದ ಯುವಕ ಯುವತಿಯರು. ಓದು, ಸಂಬಂಧ, ಚಟ, ಏನು ಬೇಕಾದರೂ ಮಾತಾಡಬಹುದು. ಹುಡುಗರಿಗೆ ನಾನು ಇದನ್ನೇ ಜಾಸ್ತಿ ಹೇಳುತ್ತೇನೆ. ಮನೋವೈದ್ಯರ ಹತ್ತಿರ ಬಾ ಅಂದರೆ ಬಾರದ ಹುಡುಗ ಕ್ರೀಡಾ ಇಲಾಖೆಯ ಆಫೀಸಿಗೆ ಬರುತ್ತಾನೆ.

ತಾಲ್ಲೂಕಿನಲ್ಲಿ ಆಗದಿದ್ದರೆ ಯಾದಗಿರಿ. ಜಿಲ್ಲಾಸ್ಪತ್ರೆಯಲ್ಲಿ ಮಾನಸಿಕ ಆರೋಗ್ಯ ವಿಭಾಗ ಇದೆ, ಈಚಿನ ವರ್ಷಗಳಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜೂ ಬಂದಿದೆ. ಅದರಾಚೆ ಕಲಬುರಗಿ ಮತ್ತು ರಾಯಚೂರಿನ ಸರ್ಕಾರಿ ಮೆಡಿಕಲ್ ಕಾಲೇಜುಗಳು. ಸುರಪುರದಿಂದ ಯಾದಗಿರಿ 50 ಕಿಲೋಮೀಟರಿನ ಆಸುಪಾಸು. 2023ರ ಜೂನ್‌ನಿಂದ ಶಕ್ತಿ ಯೋಜನೆ ಇದೆ, ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಅವ್ವನಿಗೂ ತಂಗಿಗೂ ಟಿಕೆಟ್ ಇಲ್ಲ. ಇದನ್ನು ಆರೋಗ್ಯ ಯೋಜನೆ ಅಂತ ಯಾರೂ ಕರೆಯುವುದಿಲ್ಲ. ನನ್ನ ಮಟ್ಟಿಗೆ ಹಳ್ಳಿಯ ಹುಡುಗಿಯರನ್ನು ಎರಡನೇ ಸಲ, ಮೂರನೇ ಸಲ ಆಸ್ಪತ್ರೆಗೆ ತರಿಸುವ ಶಕ್ತಿ ಎಷ್ಟೋ ಆರೋಗ್ಯ ಯೋಜನೆಗಿಂತ ಇದಕ್ಕೇ ಜಾಸ್ತಿ. ಗಂಡು ಮಕ್ಕಳಿಗೆ ಆ ಅನುಕೂಲ ಇಲ್ಲ ಅನ್ನೋದೂ ನಿಜ.

ನಡುವಿನ ದಿನಗಳಿಗೆ 14416. 2022ರ ಅಕ್ಟೋಬರ್ 10ರಂದು ಶುರುವಾದ ಸೇವೆ ಇದು. ಮೊದಲು ಕೌನ್ಸೆಲರ್ ಸಿಗುತ್ತಾರೆ, ಬೇಕಾದರೆ ಮನೋವೈದ್ಯರಿಗೆ ಜೋಡಿಸುತ್ತಾರೆ. ನಿಮ್ಮ ಆ್ಯಪ್‌ಗೂ ಇದಕ್ಕೂ ವ್ಯತ್ಯಾಸ ಇದೆ. ಪ್ರತಿ ಸಲ ಅದೇ ಮನುಷ್ಯರು ಸಿಗುತ್ತಾರೆ ಅನ್ನುವ ಭರವಸೆ ಇಲ್ಲ. ಅದಕ್ಕಿಂತ ದೊಡ್ಡ ಪ್ರಶ್ನೆ ಫೋನು ಯಾರದು ಅನ್ನೋದು. ಮನೆಗೆ ಒಂದೇ ಸ್ಮಾರ್ಟ್ ಫೋನ್, ಅದು ಅಪ್ಪನ ಜೇಬಿನಲ್ಲಿ. ಎರಡು ಕೋಣೆಯ ಮನೆಯಲ್ಲಿ ಹುಡುಗಿ ಅಪರಿಚಿತರ ಜೊತೆ ಅರ್ಧ ಗಂಟೆ ಪಿಸುಮಾತಾಡಿದರೆ ಏನಾಗುತ್ತದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಅದಕ್ಕೆ ಅವ್ವನಿಗೆ ಮೊದಲೇ ಹೇಳಿಡಿ: ‘ಸರ್ಕಾರದವರದ್ದು, ಡಾಕ್ಟರ ಜೊತೆ ಮಾತಾಡ್ತಾಳೆ.’ ಮಾಳಿಗೆಯ ಮೇಲೋ, ಹೊಲದಲ್ಲೋ ಅವಳಿಗೆ ಒಂದು ಜಾಗ ಮಾಡಿಕೊಡಿ. ನಿಮ್ಮ ಕಂಪನಿಯ ಆ್ಯಪ್ ಮನೆಯವರಿಗೂ ಅನ್ವಯಿಸುತ್ತದಾ ಅಂತ ಎಚ್.ಆರ್. ಹತ್ತಿರ ಒಂದು ಸಲ ಕೇಳಿ. ಕೆಲವು ಕಡೆ ಅನ್ವಯಿಸುತ್ತದೆ, ನೌಕರರಿಗೇ ಗೊತ್ತಿರುವುದಿಲ್ಲ.

ತಂಗಿಗೆ ಇನ್ನೂ 18 ಆಗಿಲ್ಲ. ಹಾಗಾಗಿ ಚಿಕಿತ್ಸೆಗೆ ಅಪ್ಪ ಅಥವಾ ಅವ್ವನ ಒಪ್ಪಿಗೆ ಬೇಕು, ನಿಮ್ಮೊಬ್ಬರ ಮಾತು ಸಾಲದು. ಆದರೂ ಡಾಕ್ಟರ್ ಅವಳ ಜೊತೆ ಸ್ವಲ್ಪ ಹೊತ್ತು ಒಬ್ಬಳನ್ನೇ ಕೂರಿಸಿಕೊಂಡು ಮಾತಾಡಬೇಕು ಅಂತ ನೀವು ಕೇಳಬಹುದು. ಯಾರಾದರೂ ಕಾಡುತ್ತಿದ್ದಾರಾ, ಬಸ್ಸಿನಲ್ಲಿ, ಕಾಲೇಜಿನಲ್ಲಿ, ಫೋನಿನಲ್ಲಿ? ಮದುವೆ ಮಾತು ಶುರುವಾಗಿದೆಯಾ? ಇದೆಲ್ಲ ಅವ್ವ ಪಕ್ಕದಲ್ಲಿ ಇದ್ದರೆ ಹೊರಬರುವುದಿಲ್ಲ. ದೀಪಾವಳಿ ಹೊತ್ತಿಗೆ ಏನಾಯಿತು ಅನ್ನೋದು ಕಾಯಿಲೆಯ ಹೆಸರಿಗಿಂತ ಮುಖ್ಯ. 18 ತುಂಬುವ ಮೊದಲೇ ಮದುವೆ ಮಾಡುವ ಯೋಚನೆ ಮನೆಯಲ್ಲಿದ್ದರೆ 1098 ಇದೆ, ಮಕ್ಕಳ ಸಹಾಯವಾಣಿ. ಹಾಗಿಲ್ಲ ಅಂದುಕೊಳ್ಳೋಣ.

ಕಾನೂನಿನ ಒಂದು ಮಾತನ್ನೂ ನಿಮ್ಮ ಕಿವಿಗೆ ಹಾಕುತ್ತೇನೆ. 2017ರ ಮಾನಸಿಕ ಆರೋಗ್ಯ ರಕ್ಷಣೆ ಕಾಯ್ದೆ 2018ರಿಂದ ಜಾರಿಯಲ್ಲಿದೆ. ಅದರ 18ನೇ ಕಲಮು ಸರ್ಕಾರಕ್ಕೆ ಹೇಳುವುದೇನೆಂದರೆ, ಮಾನಸಿಕ ಕಾಯಿಲೆ ಇರುವ ಯಾರೂ, ಮಕ್ಕಳೂ ಸೇರಿ, ಚಿಕಿತ್ಸೆಗೆ ಬಹಳ ದೂರ ಹೋಗುವಂತೆ ಆಗಬಾರದು, ಸೇವೆ ಅವರ ಊರಿನ ಹತ್ತಿರವೇ ಇರಬೇಕು. ಕನಿಷ್ಠ ಸೇವೆಗಳು ಆ ಜಿಲ್ಲೆಯಲ್ಲಿ ಸರ್ಕಾರದಿಂದ ಇಲ್ಲದಿದ್ದರೆ ಜಿಲ್ಲೆಯ ಬೇರೆ ಕಡೆ ತೋರಿಸಿಕೊಳ್ಳುವ ಹಕ್ಕಿದೆ, ಅದರ ಖರ್ಚು ಸರ್ಕಾರದ್ದು. ಓದಲು ಬಹಳ ಚೆನ್ನಾಗಿದೆ. ಆ ಖರ್ಚು ಪಡೆದ ಒಬ್ಬ ರೋಗಿಯನ್ನೂ ನಾನು ಇದುವರೆಗೆ ನೋಡಿಲ್ಲ. ಆದರೂ ‘ಈ ಮಾತ್ರೆ ಇಲ್ಲಿ ಸ್ಟಾಕ್ ಇಲ್ಲ, ಹೊರಗೆ ತಗೊಳ್ಳಿ’ ಅಂದಾಗ, ‘ಡಾಕ್ಟರ್ ಹುದ್ದೆ ಖಾಲಿ ಇದೆ’ ಅಂದಾಗ ಒಂದು ಬಿಳಿ ಹಾಳೆಯಲ್ಲಿ ಅರ್ಜಿ ಬರೆದು ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಗೆ ಕೊಟ್ಟು ಸ್ವೀಕೃತಿ ಹಾಕಿಸಿಕೊಳ್ಳಿ. ಬೆಂಗಳೂರಿನಲ್ಲಿ ಕೂತ ನಿಮಗೆ ಇದು ಒಂದು ಇಮೇಲ್. ಕೂಲಿ ಬಿಟ್ಟು ಬಂದ ಅಪ್ಪನಿಗೆ ಇದು ಇನ್ನೊಂದು ದಿನದ ದುಡಿಮೆ. ಅರ್ಜಿ ಬರೆಯುವ ಕೆಲಸ ನಿಮ್ಮದಾಗಲಿ.

ಬೆಂಗಳೂರಿನಲ್ಲಿ ಇದ್ದ ಮಾತ್ರಕ್ಕೆ ಎಲ್ಲರಿಗೂ ಆ್ಯಪ್ ಸಿಗುವುದಿಲ್ಲ ಅನ್ನೋದೂ ನಿಮಗೆ ಗೊತ್ತಿದೆ. ನಿಮ್ಮ ಊರಿನಿಂದಲೇ ಗುಳೆ ಬಂದ ಹುಡುಗರು ಇಲ್ಲಿ ತಗಡಿನ ಶೆಡ್ಡಿನಲ್ಲಿ ಮಲಗಿ ಕಟ್ಟಡ ಕಟ್ಟುತ್ತಿದ್ದಾರೆ. ನಿಮ್ಹಾನ್ಸ್ ಅವರಿಗೆ ಒಂದು ಸಿಟಿ ಬಸ್ಸಿನಷ್ಟು ದೂರ. ಒಂದು ದಿನದ ಪಗಾರ ಬಿಟ್ಟು ಹೋಗಲು ಮೇಸ್ತ್ರಿ ಬಿಡಬೇಕಲ್ಲ. ಅಂಥವರು ನನ್ನ ಹತ್ತಿರ ಬರುವುದೇ ಕುಡಿತ ಕೈಮೀರಿದ ಮೇಲೆ.

ಹಾಗಾದರೆ ನಿಮ್ಹಾನ್ಸ್ ಯಾವಾಗ? ಯಾದಗಿರಿ ಅಥವಾ ಕಲಬುರಗಿಯ ಡಾಕ್ಟರು ‘ಇದು ನಮ್ಮ ಕೈಮೀರಿದೆ’ ಅಂದಾಗ, ಇಲ್ಲದ ದನಿ ಕೇಳಿಸುವುದು, ಸಂಶಯ ಶುರುವಾದಾಗ, ಆರೆಂಟು ವಾರ ಸರಿಯಾಗಿ ಚಿಕಿತ್ಸೆ ತೆಗೆದುಕೊಂಡರೂ ಏನೂ ಗುಣ ಇಲ್ಲದಾಗ. ಡಿಮ್ಹಾನ್ಸ್ ಆದರೂ ಸರಿ. ಆಗಲೂ ಅಲ್ಲಿನ ಡಾಕ್ಟರ ಹತ್ತಿರ ಯಾದಗಿರಿಗೆ ಹಿಂದಿರುಗಿಸುವ ಪತ್ರ ಕೇಳಿ ಪಡೆಯಿರಿ. ಯಾವ ಕಾಯಿಲೆ, ಯಾವ ಮಾತ್ರೆ, ಎಷ್ಟು ಮಿಲಿಗ್ರಾಂ, ಎಷ್ಟು ತಿಂಗಳು, ಮುಂದೆ ಏನು ನೋಡಬೇಕು, ಎಲ್ಲ ಅದರಲ್ಲಿರಲಿ. ನಾನು ಅವತ್ತು ಬರೆಯದೆ ಬಿಟ್ಟ ಪತ್ರ ಅದು. ಎಲ್ಲಾ ಚೀಟಿಗಳನ್ನು ಒಂದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಅವ್ವನ ಟ್ರಂಕಿನಲ್ಲಿ ಇಡಿಸಿ, ಫೋಟೊ ನಿಮ್ಮ ಫೋನಿನಲ್ಲಿರಲಿ. ಗುಣ ಕಂಡಿತು ಅಂತ ಮಾತ್ರೆ ತಾವೇ ನಿಲ್ಲಿಸಬಾರದು. ಹಳ್ಳಿಯಲ್ಲಿ ಅರ್ಧ ಚಿಕಿತ್ಸೆ ನಿಲ್ಲುವುದು ಹೀಗೇ, ಒಂದು ಪಟ್ಟಿ ಮುಗಿದ ಮೇಲೆ ಇನ್ನೊಂದು ತರಲು ಯಾರೂ ಹೋಗುವುದಿಲ್ಲ.

ಕೊನೆಗೆ ಒಂದು ಸಣ್ಣ ಕೆಲಸ. ಮಂಗಳವಾರ ಹೋಗುವುದಿದ್ದರೆ ಸೋಮವಾರ ಮಧ್ಯಾಹ್ನ ಸುರಪುರ ಆಸ್ಪತ್ರೆಗೆ ನೀವೇ ಫೋನ್ ಮಾಡಿ, ನಾಳೆ ಮನೋವೈದ್ಯರು ಬರುತ್ತಾರಾ ಅಂತ ಕೇಳಿ. ಬರುವುದಿಲ್ಲ ಅಂದರೆ ಯಾವಾಗ ಅಂತ ಕೇಳಿ, ಅಥವಾ ನೇರ ಯಾದಗಿರಿಗೆ ಹೋಗಲು ಹೇಳಿ. ಅವ್ವನನ್ನು ಒಪ್ಪಿಸಿ, ಓಣಿಯವರಿಗೆ ಏನೋ ಒಂದು ನೆಪ ಹೇಳಿ, ಹುಡುಗಿ ಧೈರ್ಯ ಮಾಡಿ ಬಂದಿರುತ್ತಾಳೆ. ಆ ದಿನ ಕೋಣೆಗೆ ಬೀಗ ಬಿದ್ದಿದ್ದರೆ ಅವಳನ್ನು ಇನ್ನೊಂದು ಸಲ ಹೊರಡಿಸುವುದು ನಿಮ್ಮಿಂದಲೂ ಆಗಲಿಕ್ಕಿಲ್ಲ.